ಮನಿ ಮಂದಿ ಪಾಲು, ಬೀಗರ ಪಾಲು

ಒಂದು ಕಂಪನಿ ಯಾರದು ಎಂದು ಮುಂಬಯಿಯಲ್ಲಿ ಕೇಳಿದರೆ ಒಬ್ಬ ಗುಮಾಸ್ತ ಎದ್ದು ಹೋಗಿ ರಿಜಿಸ್ಟರು ತರುತ್ತಾನೆ. ಅದೇ ಪ್ರಶ್ನೆಯನ್ನು ಇಂಡಿಯಲ್ಲೋ ಸಿಂದಗಿಯಲ್ಲೋ ಕೇಳಿದರೆ ಮೊದಲು ಚಹಾ ಬರುತ್ತದೆ, ಆಮೇಲೆ ಮನೆಯ ಹಿರಿಯರು ಬರುತ್ತಾರೆ, ಅಷ್ಟರಲ್ಲಿ ಪ್ರಶ್ನೆಯೇ ಬೇರೆಯಾಗಿರುತ್ತದೆ. ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ನಾನು ಆ ಸೀಮೆಯ ಒಂದು ಗಿರಣಿಯಲ್ಲಿ ಶೇರು ವಿಭಾಗದ ಕೆಲಸ ಮಾಡಿದೆ. ಇಂಥದ್ದೊಂದು ನಡೆಯದೆ ಒಂದು ವಾರ ಕಳೆದದ್ದು ನೆನಪಿಲ್ಲ.

ಗಿರಣಿ ಇದ್ದದ್ದು ಬಸವನ ಬಾಗೇವಾಡಿಯ ಹೊರಗೆ. ಹತ್ತಿಯಿಂದ ಕಾಳು ಬಿಡಿಸುವುದು, ಆ ಕಾಳಿನಿಂದ ಎಣ್ಣೆ ತೆಗೆಯುವುದು, ಇಷ್ಟೇ ಅದರ ಕೆಲಸ. ಆದರೆ ಹೆಸರಿನ ಕೊನೆಗೆ ಲಿಮಿಟೆಡ್ ಎಂದಿತ್ತು. ಅದರ ಶೇರಿನ ದರ ಮುಂಬಯಿ ಪತ್ರಿಕೆಯ ಒಳಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ಬರುತ್ತಿತ್ತು. ಗಿರಣಿ ಕಟ್ಟಿಸಿದವರು ಅಲ್ಲಿಯವರೇ, ಅರವತ್ತು ದಾಟಿದ ಮನುಷ್ಯ. ನಾಲ್ಕು ತಾಲ್ಲೂಕಿನ ಜನ ಅವರನ್ನು ಮಾಲಕರು ಎಂದೇ ಕರೆಯುತ್ತಿದ್ದರು.

ರಿಜಿಸ್ಟರಿನ ಪ್ರಕಾರ ಅವರು ಮಾಲಕರಲ್ಲ. ರೂಪಾಯಿಗೆ ಹದಿನಾರಾಣೆಯ ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಆರಾಣೆ ಶೇರು ಅವರ ಮನೆಯವರದು: ಅವರು, ಅವರ ಹೆಂಡತಿ, ಲಗ್ನವಾಗಿ ಹೋದ ಹೆಣ್ಣುಮಕ್ಕಳು, ತಂಗಡಗಿಯಲ್ಲಿದ್ದ ಅವರ ಅಕ್ಕ. ನಾಲ್ಕಾಣೆ ಮುಂಬಯಿಯ ಒಂದು ಸರ್ಕಾರಿ ಹಣಕಾಸು ಸಂಸ್ಥೆಯದು. ಗಿರಣಿಗೆ ಕೊಟ್ಟ ಸಾಲದಲ್ಲಿ ಒಂದು ಭಾಗವನ್ನು ಅದು ಶೇರು ಮಾಡಿಕೊಂಡಿತ್ತು. ಉಳಿದ ಆರಾಣೆ ಊರ ಮಂದಿಯದು.

ನಾನು ಸೇರಿದ ಮರುವರ್ಷ ಸೊಲ್ಲಾಪುರದ ಒಬ್ಬ ವ್ಯಾಪಾರಿ ಊರ ಮಂದಿಯ ಈ ಆರಾಣೆಯನ್ನು ಸದ್ದಿಲ್ಲದೆ ಕೊಳ್ಳತೊಡಗಿದ. ಅದೇ ವರ್ಷದ ಸಾಮಾನ್ಯ ಸಭೆಯಲ್ಲಿ ಮಾಲಕರನ್ನು ಇನ್ನೈದು ವರ್ಷಕ್ಕೆ ಮ್ಯಾನೇಜಿಂಗ್ ಡೈರೆಕ್ಟರ್ ಎಂದು ಆರಿಸಬೇಕಿತ್ತು. ಮತ ಕಡಿಮೆ ಬಿದ್ದರೆ ಅವರು ತಾವೇ ಕಟ್ಟಿಸಿದ ಗೇಟಿನ ಹೊರಗೆ ನಿಲ್ಲಬೇಕು. ಅವರ ಕುರ್ಚಿಯಲ್ಲಿ ಸೊಲ್ಲಾಪುರದವರು ಕೂಡುತ್ತಾರೆ. ವಿಷಯ ಇಷ್ಟೇ. ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ, ಆ ವರ್ಷ ಯಾರೂ ನಗಲೂ ಇಲ್ಲ. ನಗು ಬಂದದ್ದೆಲ್ಲ ಎಷ್ಟೋ ಕಾಲದ ಮೇಲೆ, ಬೇರೆ ಊರುಗಳಲ್ಲಿ, ಒಬ್ಬಳೇ ಕೂತಾಗ.

ಸಭೆಗೆ ಬರಲಾಗದವರು ತಮ್ಮ ಮತವನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಕಾಗದಕ್ಕೆ ಕಾಯ್ದೆಯಲ್ಲಿ ಪ್ರಾಕ್ಸಿ ಎನ್ನುತ್ತಾರೆ. ಆ ಕಡೆ ಅದು ಮುಖತ್ಯಾರ ಪತ್ರ. ಮನೆಯವರ ಶೇರುಗಳು ಬಹುಪಾಲು ಹೆಂಗಸರ ಹೆಸರಿನಲ್ಲಿದ್ದವು. ಅಡುಗೆಮನೆಯ ತನಕ ಹೋಗಿ ಸಹಿ ತರಬಲ್ಲವರು ಆಫೀಸಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ನಾನು ಮುಂಬಯಿ, ಕಲಕತ್ತೆ, ನೈರೋಬಿ ತಿರುಗಿ ಬಂದವಳು; ಒಂದೂರಲ್ಲಿ ಎರಡು ದೀಪಾವಳಿ ಕಳೆದರೆ ಅಂಗಾಲು ತುರಿಸುತ್ತದೆ. ಬಸ್ಸಿನ ಧೂಳು ನನಗೆ ಹೊಸದಲ್ಲ. ಅಡುಗೆಮನೆಗಳು ಹೊಸವು.

ಉಡಿಯೊಳಗಿನ ಕಟ್ಟು

ಮಾಲಕರ ಹಿರಿಯ ಮಗಳನ್ನು ಕೊಟ್ಟದ್ದು ಇಂಡಿಗೆ. ಸಾಲೋಟಗಿ ರಸ್ತೆಗೆ ನಿಂಬೆ ತೋಟ, ಊರೊಳಗೆ ದೊಡ್ಡ ಮನೆ, ಮನೆ ತುಂಬ ಮಂದಿ. ನಾನು ಹೋದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ನಾನು ಕೊಟ್ಟ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮುಂಬಯಿಯಲ್ಲಿ ಎಷ್ಟೋ ಮಂದಿ ದೊಡ್ಡವರು ಓದದೆ ಸಹಿ ಮಾಡಿ ಎಸೆದ ಕಾಗದ ಅದು. ಬಾಗಿಲ ಬಳಿ ಅತ್ತೆ ತೊಗರಿ ಆರಿಸುತ್ತ ಕೂತಿದ್ದರು. ಅವರ ಕೈ ತೊಗರಿಯಲ್ಲಿತ್ತು, ಕಿವಿ ನಮ್ಮ ಕಡೆ ಇತ್ತು.

"ಇದರಾಗ ಎಲ್ಲಾ ಶೇರಿಗೂ ಕೂಡೇ ಒಂದ ಸಹಿ ಅಂತ ಐತಲ್ಲರಿ ಬಾಯಾರ?" ಎಂದು ಕೇಳಿದಳು.

ಹೌದು ಎಂದೆ.

"ಹಂಗ ಆಗೂದಿಲ್ರಿ."

ಗಂಡನ ಮನೆಯವರು ಸೊಲ್ಲಾಪುರದ ಕಡೆ ವಾಲಿದರೇನೋ ಎಂದುಕೊಂಡೆ. ಕಾರಣ ಅದಲ್ಲ. ಆಕೆಯ ಲಗ್ನದಲ್ಲಿ ಮಾಲಕರು ಮಗಳ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಖಣದ ಜೊತೆಗೆ ಶೇರುಪತ್ರದ ಐದು ಕಟ್ಟುಗಳನ್ನು ಹಾಕಿಸಿದ್ದರು. ಎಲ್ಲವೂ ಮಗಳ ಹೆಸರಿನವೇ. ಆ ಕಡೆ ಉಡಿ ತುಂಬಿಸಿಕೊಂಡ ಮಗಳು ಅದನ್ನು ಪೂರ್ತಿ ಕಟ್ಟಿಕೊಂಡು ಹೊರಡುವುದಿಲ್ಲ. ತವರುಮನೆ ಬರಿದಾಗಬಾರದೆಂದು ಒಂದು ಹಿಡಿ ಅಲ್ಲೇ ಬಿಟ್ಟು ಹೊರಡುತ್ತಾಳೆ. ಈಕೆ ಪದ್ಧತಿಯಲ್ಲಿ ಬೆಳೆದವಳು, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ಅರಿಸಿನ ಕೊಂಬು, ಶೇರಿನದೂ ಒಂದು ಕಟ್ಟು ತೆಗೆದು ತಾಯಿಯ ಅಕ್ಕಿ ಡಬ್ಬಿಗೆ ಹಾಕಿ, ಕಣ್ಣೊರೆಸಿಕೊಂಡು, ಗಾಡಿ ಹತ್ತಿದ್ದಳು.

ಆ ಕಟ್ಟು ಇನ್ನೂ ನಿಮ್ಮ ಹೆಸರಿನಲ್ಲೇ ಇದೆ ಎಂದು ವಿವರಿಸಿದೆ. ಮತವೂ ನಿಮ್ಮದೇ, ನೀವಲ್ಲದೆ ಇನ್ನಾರೂ ಹಾಕುವಂತಿಲ್ಲ, ನಿಮ್ಮ ತಂದೆಗೆ ಈಗ ಒಂದೊಂದು ಶೇರೂ ಬೇಕಾಗಿದೆ ಎಂದೆ. ತಂದೆಯ ಮಾತು ಬಂದಾಗ ಆಕೆಯ ಮುಖ ಇಳಿಯಿತು. ಆದರೂ ತಲೆ ಅಲ್ಲಾಡಿಸಿದಳು. ಹೆಸರು ಬರೆದ ಮಾತ್ರಕ್ಕೆ ಏನಾಗುತ್ತದೆ, ಬಿಟ್ಟ ಮೇಲೆ ಬಿಟ್ಟ ಹಾಗೆ, ಅದು ತವರುಮನೆಯದು ಎಂದಳು. ಅತ್ತೆ, ತಮ್ಮ ಸೊಸೆ ಕೊಟ್ಟದ್ದನ್ನು ತಿರುಗಿ ಕೇಳುವ ಮನೆತನದವಳಲ್ಲ ಎಂದು ಮೊರದ ಕಡೆ ನೋಡುತ್ತಲೇ ಹೇಳಿದರು.

ಕಾಯ್ದೆಗೆ ಹೆಸರೊಂದೇ ಗೊತ್ತು, ಉಡಿ ಗೊತ್ತಿಲ್ಲ ಎಂದೆ ನಾನು, ಕೊನೆಯ ಬಾಣವೆಂಬಂತೆ.

ಆಕೆ ನನ್ನನ್ನು ನಿಜವಾದ ಕನಿಕರದಿಂದ ನೋಡಿದಳು.

"ಪಾಪ, ಕಾಯ್ದೇಕ್ಕ ತವರುಮನಿ ಇಲ್ಲೇನ್ರಿ?"

ಟವೆಲ್ಲಿನ ಕೆಳಗೆ

ನಾಲ್ಕು ಕಟ್ಟಿನ ಸಹಿ ತಂದು ಮಾಲಕರ ಮುಂದಿಟ್ಟೆ, ಐದನೆಯದರ ಕತೆ ಹೇಳಿದೆ. ಅವರು ಕಾಗದವನ್ನು ಮಡಿಚಿ ಮೇಜಿನ ಖಾನೆಗೆ ಹಾಕಿದರು. ಆಮೇಲೆ, ಮಗಳು ಮಾಡಿದ್ದು ಸರಿ ಇದೆ, ಆ ಕಟ್ಟು ಅಕ್ಕಿ ಡಬ್ಬಿಯೊಳಗೇ ಇರಲಿ, ಲೆಕ್ಕಕ್ಕೆ ಹಿಡಿಯಬೇಡಿರಿ ಎಂದರು. ಮರುದಿನ ಊರ ಮಂದಿಯ ಮುಖತ್ಯಾರ ಪತ್ರ ತರಲು ನನ್ನನ್ನು ಸಿಂದಗಿಗೆ ಕಳಿಸಿದರು.

ಸಿಂದಗಿಯಲ್ಲಿ ಸೊಲ್ಲಾಪುರದವರ ಏಜೆಂಟ ನನಗಿಂತ ಮೊದಲೇ ಬಂದು ಕೂತಿದ್ದ. ಟೆರಿಲಿನ್ ಪ್ಯಾಂಟು, ಕೈಯಲ್ಲಿ ಮುಂಬಯಿ ಪತ್ರಿಕೆ. ನಾವು ಕೂತದ್ದು ಹತ್ತಿಕಾಳಿನ ವ್ಯಾಪಾರ ಮಾಡುವ ಸಾಹೇಬರೊಬ್ಬರ ಅಂಗಡಿಯಲ್ಲಿ. ಅವರ ಅಜ್ಜನ ಕಾಲದಿಂದ ಸುತ್ತಲಿನ ರೈತರಿಗೆಲ್ಲ ಅಲ್ಲಿಯೇ ಕೂಟ. ಹತ್ತಿರದ ಹಳ್ಳಿ ಯಂಕಂಚಿಯ ಹತ್ತಾರು ಮಂದಿ ಹಿರಿಯರು ಶೇರುಪತ್ರ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಏಜೆಂಟ ಪತ್ರಿಕೆ ಬಿಚ್ಚಿ ದರ ಓದಿ ಹೇಳಿದ, ಅದಕ್ಕಿಂತ ಎರಡು ರೂಪಾಯಿ ಹೆಚ್ಚೇ ಕೊಡುತ್ತೇನೆ ಎಂದ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಒಬ್ಬನೂ ಚೀಲಕ್ಕೆ ಕೈ ಹಾಕಲಿಲ್ಲ. ನನಗೆ ಖುಷಿಯಾಯಿತು. ಇವರು ಮಾಲಕರನ್ನು ಬಿಟ್ಟುಕೊಡುವವರಲ್ಲ ಎಂದು ಸಾಹೇಬರ ಕಿವಿಯಲ್ಲಿ ಹೇಳಿದೆ.

"ಅದಲ್ರಿ ಬಾಯಾರ," ಎಂದರು ಸಾಹೇಬರು ಮೆಲ್ಲಗೆ. "ಪೇಪರಿನ್ಯಾಗ ಹಾಕ್ಯಾರಂದ್ರ ಆ ರೇಟು ಊರಿಗೆಲ್ಲಾ ಗೊತ್ತಾತು. ಊರಿಗೆಲ್ಲಾ ಗೊತ್ತಾದ ರೇಟಿಗೆ ಯಾರರ ಮಾರ್ತಾರೇನ್ರಿ?"

ದನದ ಸಂತೆಯ ದಲಾಲನಿಗೆ ಕರೆ ಹೋಯಿತು. ಅವನು ಬಂದು ಹೆಗಲ ಮೇಲಿನ ಟವೆಲ್ಲು ತೆಗೆದು ಏಜೆಂಟನ ಕೈ ಮೇಲೆ ಹಾಸಿದ. ಯಂಕಂಚಿಯ ಒಬ್ಬ ಹಿರಿಯರು ಟವೆಲ್ಲಿನ ಕೆಳಗೆ ಕೈ ಹಾಕಿ ಏಜೆಂಟನ ಬೆರಳು ಹಿಡಿದರು. ಒಂದು ಬೆರಳು ಹಿಚುಕಿದರೆ ಇಷ್ಟು, ಎರಡು ಹಿಚುಕಿದರೆ ಇಷ್ಟು. ಮುಖದ ಮೇಲೆ ಏನೂ ಇಲ್ಲ, ಬಾಯಲ್ಲಿ ಮಳೆ ಬೆಳೆಯ ಮಾತು. ಏಜೆಂಟ ಮೊದಲು ಹೌಹಾರಿ ಕೈ ಕಿತ್ತುಕೊಂಡ. ಸಂಜೆಯ ಹೊತ್ತಿಗೆ ಪಳಗಿದ. ಯಾರಿಗೆ ಎಷ್ಟು ಸಿಕ್ಕಿತೆಂದು ಪಕ್ಕದವನಿಗೂ ತಿಳಿಯದ ಹಾಗೆ ಚೀಲಗಳು ಬಿಚ್ಚಿದವು, ಶೇರುಗಳು ಹೋದವು. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ. ಮಾಲಕರಿಗೆ ಹೇಗೆ ಮುಖ ತೋರಿಸುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಹದಿನೈದು ದಿನದ ಮೇಲೆ ಆ ಶೇರುಗಳು ಹೊಸ ಹೆಸರಿಗೆ ಬದಲಾಗಲೆಂದು ನನ್ನ ಮೇಜಿಗೇ ಬಂದವು. ಕಟ್ಟು ಬಿಚ್ಚಿ ನೋಡುತ್ತೇನೆ, ಒಂದೊಂದು ಪತ್ರಕ್ಕೂ ನಾಲ್ಕೂ ಕಡೆಯ ಅಂಚಿಲ್ಲ. ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ. ಅಂಚಿನ ಜೊತೆ ಕಂಪನಿಯ ಮೊಹರು ಹೋಗಿದೆ, ಡೈರೆಕ್ಟರರ ಸಹಿ ಅರ್ಧ ಹೋಗಿದೆ.

ಸಾಹೇಬರಿಗೆ ಫೋನು ಹಚ್ಚಿ ಕೇಳಿದೆ. ಅವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಎತ್ತು ಮಾರಿದರೆ ಎತ್ತನ್ನು ಕೊಡುತ್ತಾರೆ, ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಎತ್ತಿನ ಹಿಂದೆ ಹೋಗುತ್ತಾಳೆ. ಕೊಂಡವನು ತನ್ನ ಹಗ್ಗ ತಾನು ತರಬೇಕು. ಶೇರಿಗೆ ಹಗ್ಗ ಯಾವುದು ಎಂದು ಯಂಕಂಚಿಯ ಹಿರಿಯರು ಕೂತು ವಿಚಾರ ಮಾಡಿದ್ದರಂತೆ. ಪತ್ರದ ಸುತ್ತ ಹುರಿ ಹೊಸೆದಂಥ ಹಸಿರು ಅಂಚು ಅಚ್ಚಾಗಿತ್ತು. ಅದನ್ನೇ ಕತ್ತರಿಸಿ, ಸುತ್ತಿ, ಮನೆಯಲ್ಲಿಟ್ಟುಕೊಂಡಿದ್ದರು. ಏಜೆಂಟನಿಗೆ ಲಕೋಟೆಯಲ್ಲಿ ಹಾಕಿ ಕೊಟ್ಟದ್ದರಿಂದ ಅವನು ಎಣಿಸಿಕೊಂಡನೇ ಹೊರತು ಬಿಚ್ಚಿ ನೋಡಿರಲಿಲ್ಲ.

ಕೆಟ್ಟ ಪತ್ರವನ್ನು ಹೊಸ ಹೆಸರಿಗೆ ಬರೆಯಲು ಕಾಯ್ದೆ ಬಿಡುವುದಿಲ್ಲ. ಮೊದಲು ಹಳೆಯ ಹೆಸರಿಗೇ ಬೇರೆ ಪತ್ರ ಆಗಬೇಕು, ಅಷ್ಟರಲ್ಲಿ ಸಭೆ ಮುಗಿದಿರುತ್ತದೆ. ನಾನು ಅತ್ಯಂತ ಗಂಭೀರವಾದ ಭಾಷೆಯಲ್ಲಿ ಬರೆದು ಎಲ್ಲವನ್ನೂ ತಿರುಗಿ ಕಳಿಸಿದೆ. ಹೀಗಾಗಿ ಸೊಲ್ಲಾಪುರದವರ ಲೆಕ್ಕ ನಾಲ್ಕಾಣೆಯ ಹತ್ತಿರ ಬಂದು ನಿಂತುಬಿಟ್ಟಿತು. ಏಜೆಂಟ ಮತ್ತೆ ಸಿಂದಗಿಗೆ ಓಡಿಬಂದು, ಆ ಅಂಚುಗಳನ್ನಾದರೂ ಕೊಡಿರಿ, ಅಂಟಿಸಿಕೊಳ್ಳುತ್ತೇನೆ ಎಂದು ಕೈ ಮುಗಿದನಂತೆ. ಯಂಕಂಚಿಯ ಹಿರಿಯರು ಕೊಟ್ಟ ಉತ್ತರವನ್ನು ಸಾಹೇಬರು ನನಗೆ ಮುಟ್ಟಿಸಿದರು.

"ಎತ್ತು ಒಯ್ದಾನ, ಈಗ ಹಗ್ಗ ಕೇಳಾಕತ್ತಾನ. ನಾಳೆ ಬಂದು ಮೇವು ಹಾಕೂ ಗ್ವಾದಲೀನೂ ಕಿತ್ಕೊಂಡು ಹೋಗಂತ ಹೇಳ್ರಿ."

ಬೀಗರು ಬಂದರು

ಉಳಿದದ್ದು ಸಂಸ್ಥೆಯ ನಾಲ್ಕಾಣೆ. ಅದು ಯಾರ ಕಡೆ ಬಿದ್ದರೆ ಅವರದೇ ಗೆಲುವು. ಸಭೆಗೆ ಮೊದಲು ಗಿರಣಿ ನೋಡಿಕೊಂಡು ಹೋಗಲು ಮುಂಬಯಿಯಿಂದ ಒಬ್ಬ ಅಧಿಕಾರಿಯನ್ನು ಕಳಿಸುತ್ತೇವೆ ಎಂದು ತಂತಿ ಬಂತು. ಮಾಲಕರು ಗಿರಣಿಯ ಮುಕಾದಮನನ್ನು ಕರೆದು ಒಳ್ಳೆಯ ವ್ಯವಸ್ಥೆ ಮಾಡಲು ಹೇಳಿದರು. ಮುಕಾದಮ ಆಳುಗಳ ಮೇಲ್ವಿಚಾರಣೆ ಮಾಡುವ ಮನುಷ್ಯ, ಎತ್ತರದ ಆಳು, ಏನನ್ನೂ ಅರೆಬರೆ ಮಾಡಿದವನಲ್ಲ. ಬರುವವರು ಯಾರು, ಅವರಿಗೂ ನಮಗೂ ಏನು ಸಂಬಂಧ ಎಂದು ಕೇಳಿದ.

ಮಾಲಕರು ತಮಗೆ ತಿಳಿದಂತೆ ಬಿಡಿಸಿ ಹೇಳಿದರು. ಅವರದು ನಾಲ್ಕಾಣೆ ಪಾಲು ಇದೆ. ಕೆಲಸಕ್ಕೆ ಕೈ ಹಚ್ಚುವುದಿಲ್ಲ. ವರ್ಷಕ್ಕೊಮ್ಮೆ ಬಂದು ಕೂಡುತ್ತಾರೆ, ಎಲ್ಲ ನೋಡುತ್ತಾರೆ, ಏನಾದರೊಂದು ಕಡಿಮೆ ಹುಡುಕುತ್ತಾರೆ. ಅವರ ಮನಸ್ಸಿಗೆ ನೋವಾದರೆ ನಮ್ಮದೆಲ್ಲ ಕೆಟ್ಟಿತು.

"ತಿಳೀತ್ರಿ," ಎಂದ ಮುಕಾದಮ. "ಬೀಗರು."

ಅಧಿಕಾರಿ ಇನ್ನೂ ಹರೆಯದವರು. ಮದರಾಸಿನ ಕಡೆಯವರು, ಕೋಟು ಟೈ, ಕನ್ನಡ ಒಂದಕ್ಷರ ಬಾರದು. ಜೀಪಿನಿಂದ ಇಳಿಯುತ್ತಲೇ ಇಬ್ಬರು ಹಿಡಿದು ಮಣೆಯ ಮೇಲೆ ನಿಲ್ಲಿಸಿ, ಬೂಟು ಬಿಚ್ಚಿಸಿ, ಕಾಲುಚೀಲ ಬಿಚ್ಚಿಸಿ, ತಾಮ್ರದ ತಂಬಿಗೆಯಿಂದ ಬಿಸಿನೀರು ಹಾಕಿ ಕಾಲು ತೊಳೆದರು. ಅವರು ಗಾಬರಿಯಿಂದ ನನ್ನ ಕಡೆ ನೋಡಿದರು. ಹತ್ತಿ ಗಿರಣಿಯಲ್ಲಿ ಬೆಂಕಿಯ ಭಯ, ಸುರಕ್ಷತೆಯ ಕ್ರಮ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆದೂಗಿದರು.

ಯಂತ್ರಗಳನ್ನು ನೋಡಿಯಾದ ಮೇಲೆ ಜಮಖಾನ ಹಾಸಿ, ಶಾಲು ಹೊದಿಸಿ, ಎಲೆ ಮುಂದೆ ಕೂಡಿಸಿದರು. ಹೋಳಿಗೆ, ಎಣಗಾಯಿ, ಶೇಂಗಾ ಹಿಂಡಿ. ಅವರು ಕೈ ಚಾಚುವಷ್ಟರಲ್ಲಿ ಹತ್ತಿ ಆರಿಸುವ ಹೆಂಗಸರು ಎರಡು ಸಾಲಾಗಿ ಬಂದು ಕೂತು ಬೀಗರ ಹಾಡು ಎತ್ತಿಕೊಂಡರು. ಆ ಹಾಡುಗಳು ಹೇಗಿರುತ್ತವೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ಬೀಗ ತೊಟ್ಟ ಅಂಗಿ ಯಾರದೋ ಕಡ ತಂದದ್ದು ಎಂಬಲ್ಲಿಂದ ಶುರುವಾಗಿ, ಅವನ ಹೊಟ್ಟೆ ಜೋಳ ತುಂಬುವ ಹಗೇವಿನಷ್ಟು ಆಳ ಎಂಬಲ್ಲಿಗೆ ಬಂದು, ಅವನ ತಾಯಿ ಅವನನ್ನು ಯಾವ ಸಂತೆಯಲ್ಲಿ ಕೊಂಡು ತಂದಳೆಂಬ ವಿಚಾರಕ್ಕೆ ಹೋಯಿತು. ಅವರೇನು ಹಾಡುತ್ತಿದ್ದಾರೆ ಎಂದು ಅಧಿಕಾರಿ ಕೇಳಿದರು. ಸಂಸ್ಥೆಯ ಬಂಡವಾಳ ನೀತಿಯ ಬಗ್ಗೆ ಕಾರ್ಮಿಕರು ತಮ್ಮ ಅಭಿಪ್ರಾಯ ತಿಳಿಸುತ್ತಿದ್ದಾರೆ ಎಂದೆ. ಅವರು ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಮಾಲಕರಿಗೆ ತಡೆಯಲಾಗಲಿಲ್ಲ. ಹಾಡು ನಿಲ್ಲುವುದನ್ನೇ ಕಾದು, ನಿಮ್ಮ ನಾಲ್ಕಾಣೆ ಯಾರ ಕಡೆ ಎಂದು ಕೇಳಿಬಿಟ್ಟರು. ನಾನು ಅನುವಾದ ಮಾಡಿದೆ. ಅಧಿಕಾರಿ ಶಾಲು ಸರಿಮಾಡಿಕೊಂಡರು. ಆಡಳಿತದ ಜಗಳಗಳಲ್ಲಿ ಸಂಸ್ಥೆ ಯಾರ ಪರವೂ ಇಲ್ಲ, ಯಾರ ವಿರುದ್ಧವೂ ಇಲ್ಲ. ನಾವು ಸಭೆಗೆ ಬಂದು ಕೂಡುತ್ತೇವೆ, ಮತ ಹಾಕುವುದಿಲ್ಲ, ನಡೆದದ್ದನ್ನು ವರದಿ ಮಾಡುತ್ತೇವೆ ಎಂದರು. ಅದನ್ನೂ ಅನುವಾದ ಮಾಡಿದೆ.

ಮಾಲಕರು ತಮ್ಮ ಎಲೆಯನ್ನೇ ನೋಡುತ್ತ ಕೂತರು. ಆ ದಿನ ಅವರು ಹೋಳಿಗೆ ಮುಟ್ಟಲಿಲ್ಲ. ಗೋಡೆಗೆ ನಿಂತ ಮುಕಾದಮ ಒಬ್ಬನಿಗೇ ಅದರಲ್ಲಿ ಸಮಾಧಾನ ಸಿಕ್ಕಿತು.

"ಬ್ಯಾರೇ ಬೀಗರು ಉಂಡು ಕೈ ತೊಳಕೊಂಡು ಹೇಳೂ ಮಾತನ್ನ ಇವರು ಊಟಕ್ಕ ಮೊದಲ ಹೇಳ್ಯಾರ್ರಿ," ಎಂದ. "ಮರ್ಯಾದಸ್ತರು. ತುಪ್ಪ ನೀಡ್ರಿ."

ತಂಗಡಗಿಯ ಎರಡಾಣೆ

ಇನ್ನು ಲೆಕ್ಕ ಸರಳವಾಯಿತು. ಸೊಲ್ಲಾಪುರದವರದು ನಾಲ್ಕಾಣೆಯ ಸುತ್ತಮುತ್ತ. ಮಾಲಕರದು, ಅಕ್ಕಿ ಡಬ್ಬಿಯ ಕಟ್ಟು ಬಿಟ್ಟರೂ, ಅಕ್ಕನದು ಸೇರಿ ಆರಾಣೆಯ ಸುತ್ತಮುತ್ತ. ಅಕ್ಕನದೇ ಅದರಲ್ಲಿ ಎರಡಾಣೆ. ಆಫೀಸಿನಲ್ಲಿ ನಾವೆಲ್ಲ ಆ ಎರಡಾಣೆಯನ್ನು ಮನೆಯವರ ಸಾಲಿಗೆ ಬರೆದು, ಕೆಳಗೆ ಗೆರೆ ಎಳೆದು, ಕೂಡಿಸಿಯೂ ಆಗಿತ್ತು. ಸಹಿ ತರುವುದೊಂದು ಬಾಕಿ.

ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ತಂಗಡಗಿಗೆ ಹೋದೆ. ಅಕ್ಕಾವರ ಮನೆ ಹೊಳೆಯ ಕಡೆ ಮುಖ ಮಾಡಿತ್ತು. ಮಾಲಕರಿಗಿಂತ ಹತ್ತು ವರ್ಷಕ್ಕೆ ಹಿರಿಯರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಗಂಡ ಹೋದ ಮೇಲೂ ಒಕ್ಕಲುತನವನ್ನು ತಾವೇ ನಡೆಸಿದವರು. ಗಿರಣಿ ಕಟ್ಟುವಾಗ ತಮ್ಮ ಪಾಲಿನ ಹೊಲ ಮಾರಿ ಕೊಟ್ಟಿದ್ದರು. ಆ ಎರಡಾಣೆ ಹಾಗೆ ಬಂದದ್ದು.

ಕಾಗದ ತೆಗೆಯಲು ಅವರು ನನಗೆ ಬಿಡಲಿಲ್ಲ. ಮೊದಲು ಉಣ್ಣು ಎಂದರು. ಉಣ್ಣುವಾಗ ಒಂದೊಂದೇ ಕೇಳುತ್ತ ಹೋದರು. ಅಂವ ಮಧ್ಯಾಹ್ನ ಏನು ಉಣ್ಣುತ್ತಾನೆ? ಚಹಾ ಕುಡಿಯುತ್ತಾರೆ ಎಂದೆ. ಚಹಾದ ಜೊತೆಗೆ? ಇನ್ನೊಂದು ಚಹಾ. ಎಲ್ಲಿ ಮಲಗುತ್ತಾನೆ? ಸುಗ್ಗಿಯಲ್ಲಿ ಹಾಸಿಗೆ ಆಫೀಸಿಗೇ ತರಿಸುತ್ತಾರೆ, ಈ ವರ್ಷ ಸುಗ್ಗಿ ಮುಗಿದ ಮೇಲೂ ಅದು ಅಲ್ಲೇ ಇದೆ ಎಂದೆ. ಮೊಮ್ಮಕ್ಕಳನ್ನು ನೋಡಲು ಇಂಡಿಗೆ ಹೋಗಿದ್ದನೇ? ಜೀಪು ಕಳಿಸಿ ಕರೆಸಿಕೊಳ್ಳುತ್ತಾರೆ, ಮಕ್ಕಳು ಬಂದಾಗ ಅವರು ಗಿರಣಿಯಲ್ಲಿ ಇರುತ್ತಾರೆ. ಇವರು ಕೆಲಸದ ಮಾತಿಗೆ ಯಾವಾಗ ಬರುತ್ತಾರೋ ಎಂದು ನಾನು ಒಳಗೊಳಗೇ ಚಡಪಡಿಸುತ್ತಿದ್ದೆ. ಕೊನೆಯ ಬಸ್ಸು ಹೋಗುವುದರಲ್ಲಿತ್ತು.

ಊಟವಾದ ಮೇಲೆ ಕಾಗದ ಮುಂದಿಟ್ಟೆ. ಓದಿ ಹೇಳು ಎಂದರು, ಓದಿದೆ. ಮನೆಯವರದು ಆರಾಣೆ, ಸಂಸ್ಥೆಯದು ನಾಲ್ಕಾಣೆ, ಊರವರದು ಆರಾಣೆ ಎಂದು ವಿವರಿಸಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ತಡಿ ತಂಗಿ. ಆರಾಣೆದಾಗ ನಂದು ತಗದು, ಹೆಣ್ಣುಮಕ್ಕಳದು ತಗದು, ಅವನ ಹೇಣತೀದು ತಗದ್ರ, ಅವಂದ ಅಂತ ಎಷ್ಟ?"

ಒಂದಾಣೆಗೆ ತುಸು ಮೇಲೆ ಎಂದೆ.

ಅವರು ಎದ್ದು ಹೋಗಿ ರೊಟ್ಟಿ ಬುಟ್ಟಿ ಮುಚ್ಚಿಟ್ಟು ಬಂದರು. ಆಮೇಲೆ ಕಾಗದವನ್ನು ಮಡಿಚಿ ನನಗೇ ಕೊಟ್ಟು, ಸಹಿ ಬೇಡ, ಸಭೆಗೆ ನಾನೇ ಬರುತ್ತೇನೆ ಎಂದರು. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವರ ಧ್ವನಿ ಕೇಳಿಸಿತು. ನನ್ನ ಕೂಡ ಆಡಿದ ಮಾತಲ್ಲ ಅದು.

"ಒಂದಾಣೆ ಮಾಲಕ. ಉಳದ ಹದಿನೈದಾಣಿ ಮಂದಿ ಹೊಟ್ಟಿ ತುಂಬ ಉಣ್ಣಾಕತ್ತಾರ, ಇಂವೊಬ್ಬ ಉಪವಾಸ ಕುಂತಾನ."

ಕೈ ಎತ್ತಿದವರು

ಅಕ್ಕ ತಾನೇ ಬರುತ್ತಾಳೆಂದು ಕೇಳಿ ಮಾಲಕರ ಮುಖದಲ್ಲಿ ತಿಂಗಳುಗಳ ಮೇಲೆ ಕಳೆ ಬಂತು. ಸಭೆ ಗಿರಣಿಯ ಗೋದಾಮಿನಲ್ಲಿ. ಹತ್ತಿ ಅಂಡಿಗೆಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿದ್ದರು. ನಾಲ್ಕೂ ತಾಲ್ಲೂಕಿನಿಂದ ಮಂದಿ ಬಂದಿತ್ತು, ಯಂಕಂಚಿಯವರೂ ಬಂದಿದ್ದರು. ಶೇರು ಮಾರಿದ್ದರೂ ರಿಜಿಸ್ಟರಿನಲ್ಲಿ ಅವರ ಹೆಸರು ಹಾಗೇ ಇತ್ತಲ್ಲ. ಎದುರಿಗೆ ಒಂದು ಕುರ್ಚಿಯಲ್ಲಿ ಮಾಲಕರು, ಪಕ್ಕದ ಕುರ್ಚಿಯಲ್ಲಿ ಸೊಲ್ಲಾಪುರದವರು. ಐವತ್ತರ ಆಸುಪಾಸಿನ ಗುಂಡುಗುಂಡಾದ ಮನುಷ್ಯ, ಬಲು ಸೌಮ್ಯ. ಎಲ್ಲರಿಗೂ ತಾವೇ ಎದ್ದು ನಮಸ್ಕಾರ ಮಾಡುತ್ತಿದ್ದರು. ಮೂರನೆಯ ಕುರ್ಚಿಯಲ್ಲಿ ಮುಂಬಯಿ ಸಂಸ್ಥೆಯ ಅಧಿಕಾರಿ, ಈ ಸಲ ಬೂಟುಗಳ ಮೇಲೆ ಒಂದು ಕಣ್ಣಿಟ್ಟು. ಅಕ್ಕಾವರಿಗೂ ಕುರ್ಚಿ ಹಾಕಿತ್ತು. ಅವರು ಕೂಡಲಿಲ್ಲ, ಹೆಂಗಸರ ನಡುವೆ ಚಾಪೆಯ ಮೇಲೆ ಕೂತು ತಮ್ಮನನ್ನೇ ನೋಡುತ್ತಿದ್ದರು.

ತಮ್ಮದೇ ವಿಷಯವಾದ್ದರಿಂದ ಮಾಲಕರು ಅಧ್ಯಕ್ಷತೆ ವಹಿಸುವಂತಿರಲಿಲ್ಲ. ಮುದ್ದೇಬಿಹಾಳದ ವಕೀಲರೊಬ್ಬರು, ಕಂಪನಿಯ ಹಳೆಯ ಡೈರೆಕ್ಟರು, ಆ ಕೆಲಸ ಹೊತ್ತಿದ್ದರು. ಮಾಲಕರು ಮುಂದುವರಿಯಬೇಕು ಎನ್ನುವವರು ಕೈ ಎತ್ತಬೇಕು ಎಂದರು. ಗೋದಾಮಿನ ಎಲ್ಲ ಕೈಗಳೂ ಮೇಲೆ ಹೋದವು. ವಕೀಲರ ಮುಖ ಅರಳಿತು. ಇನ್ನು ಕ್ರಮಕ್ಕೆಂದು, ಬೇಡ ಎನ್ನುವವರು ಯಾರಾದರೂ ಇದ್ದರೆ ಎತ್ತಬಹುದು ಎಂದರು. ಮತ್ತೆ ಎಲ್ಲ ಕೈಗಳೂ ಮೇಲೆ ಹೋದವು.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು, ಮುಂದೆ ಕೂತ ಯಂಕಂಚಿಯ ಹಿರಿಯರನ್ನು ಇದೇನು ಎಂದು ಕೇಳಿದರು.

"ಇಬ್ಬರೂ ಎದರಿಗೇ ಕುಂತಾರಲ್ರಿ ವಕೀಲ ಸಾಹೇಬ್ರ," ಎಂದರು ಹಿರಿಯರು. "ಒಬ್ಬರಿಗೆ ಕೈ ಎತ್ತಿ ಇನ್ನೊಬ್ಬರಿಗೆ ಎತ್ತಲಿಲ್ಲಂದ್ರ ಅವರೇನ ತಿಳ್ಕೊಂಡಾರು?"

ಸೊಲ್ಲಾಪುರದವರು ಎದ್ದು, ಕೈ ಮುಗಿದು, ಶೇರಿನ ಲೆಕ್ಕದಲ್ಲೇ ಮತ ಆಗಲಿ ಎಂದರು. ಕಾಯ್ದೆಯೂ ಅದನ್ನೇ ಹೇಳುತ್ತದೆ. ಚೀಟಿ ಹಂಚಿದೆವು, ಚೀಟಿ ಹಾಕಲು ಹಿತ್ತಾಳೆಯ ಕೊಳಗವೊಂದನ್ನು ಇಟ್ಟೆವು. ಅಕ್ಕಾವರು ನನ್ನನ್ನು ಕರೆದು, ಇರಲಿ ಅನ್ನುವುದು ಯಾವ ಕಡೆ, ಹೋಗಲಿ ಅನ್ನುವುದು ಯಾವ ಕಡೆ ಎಂದು ಕೇಳಿದರು. ತೋರಿಸಿದೆ. ಒಂದು ಗುರುತು ಹಾಕಿ, ಚೀಟಿ ಮಡಿಚಿ, ಮೊಣಕಾಲ ಮೇಲೆ ಕೈಯೂರಿ ಎದ್ದು, ತಾವೇ ಹೋಗಿ ಕೊಳಗಕ್ಕೆ ಹಾಕಿ ಬಂದರು. ಅಧಿಕಾರಿ ಹೇಳಿದ ಮಾತಿಗೆ ತಪ್ಪದೆ ಕೈ ಕಟ್ಟಿ ಕೂತಿದ್ದರು.

ಊರ ಮಂದಿ ಚೀಟಿಯಲ್ಲೂ ಎರಡೂ ಕಡೆ ಗುರುತು ಹಾಕಿ ಮರ್ಯಾದೆ ಉಳಿಸಿಕೊಂಡಿದ್ದರು. ಅವೆಲ್ಲ ರದ್ದಾದವು. ಉಳಿದದ್ದನ್ನು ವಕೀಲರು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ನನ್ನನ್ನು ಕರೆದು ಎಣಿಸಲು ಹೇಳಿದರು. ಇರಲಿ ಎನ್ನುವ ಕಡೆ ನಾಲ್ಕಾಣೆ ಇತ್ತು, ಹೋಗಲಿ ಎನ್ನುವ ಕಡೆ ಆರಾಣೆ.

ಮಾಲಕರು ಯಾರನ್ನೂ ನೋಡಲಿಲ್ಲ, ಚಾಪೆಯ ಕಡೆ ತಿರುಗಿದರು. "ಅಕ್ಕಾ?" ಎಂದರು. ಅಷ್ಟೇ. ಆ ಗೋದಾಮಿನಲ್ಲಿ ಅವರನ್ನು ನಾವು ಕಂಡದ್ದೆಲ್ಲ ಮಾಲಕರಾಗಿ. ಆ ಧ್ವನಿ ನಾವು ಕೇಳಿದ್ದಲ್ಲ.

ಅಷ್ಟರಲ್ಲಿ ಅಧಿಕಾರಿ ಪೆನ್ನು ತೆಗೆದರು. ತಪ್ಪು ತಿಳಿಯಬಾರದು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು: ಮನೆಯವರ ಶೇರೇ ಮನೆಯವರ ವಿರುದ್ಧ ಬಿದ್ದದ್ದನ್ನು ತಾವು ಈವರೆಗೆ ಎಲ್ಲೂ ಕಂಡಿಲ್ಲ, ವರದಿಯಲ್ಲಿ ಕಾರಣ ಬರೆಯಬೇಕಾಗುತ್ತದೆ, ಆ ತಾಯಿಯವರಿಗೆ ಆಡಳಿತದಲ್ಲಿ ಯಾವ ದೋಷ ಕಂಡಿತು? ನಾನು ಅಕ್ಕಾವರ ಮುಂದೆ ಕೂತು ಅದನ್ನು ಕನ್ನಡದಲ್ಲಿ ಹೇಳಿದೆ.

"ಬರ್ಕೋ ಅನ್ನು ಆ ಹುಡುಗಗ," ಎಂದರು ಅವರು. "ನನ್ನ ತಮ್ಮ ಸೊರಗ್ಯಾನ."

ಅನುವಾದ ಮಾಡಿದೆ. ಅಧಿಕಾರಿ ಇನ್ನೇನಾದರೂ ಇದೆಯೇ ಎಂದು ಕಾದರು. ಇರಲಿಲ್ಲ. ಅವರು ಅದನ್ನೇ ಬರೆದುಕೊಂಡು, ಕೆಳಗೆ ಗೆರೆ ಎಳೆದರು.

"ಏಳಪಾ," ಎಂದರು ಅಕ್ಕಾವರು ತಮ್ಮನಿಗೆ. "ಗಾಡಿ ನಿಂತೈತಿ. ರೊಟ್ಟಿ ಆರತಾವ."

ಮಾಲಕರು ಏಳಲಿಲ್ಲ. ಮುಕಾದಮ ಬಾಗಿಲಲ್ಲಿ ಮುಖ ತಿರುಗಿಸಿ ನಿಂತಿದ್ದ. ಕೊನೆಗೆ ಮಾಲಕರು ಎದ್ದು, ಕುರ್ಚಿಯ ಬೆನ್ನಿಗೆ ಹಾಕಿದ್ದ ಕೋಟು ತೆಗೆದು ತೊಟ್ಟುಕೊಂಡರು. ಆ ಕೋಟು ಅವರ ಹೆಗಲಿಂದ ಇಳಿದು, ಇನ್ನೊಬ್ಬ ದಪ್ಪ ಮನುಷ್ಯನಿಗೆ ಹೊಲಿಸಿದ್ದೆಂಬಂತೆ ಎರಡೂ ಕಡೆ ಜೋಲಾಡಿತು. ಎಲ್ಲರೂ ನೋಡಿದೆವು. ದಿನಾ ಅವರ ಎದುರಿಗೇ ಕೂತವರು ನಾವು, ಅಲ್ಲಿಯವರೆಗೂ ನೋಡಿರಲಿಲ್ಲ.

ಅಕ್ಕ ಮುಂದೆ, ತಮ್ಮ ಹಿಂದೆ, ಬಾಗಿಲ ತನಕ ಬಂದರು. ಗೆದ್ದ ಸೊಲ್ಲಾಪುರದವರು ಕುರ್ಚಿ ಬಿಟ್ಟು ಓಡಿಬಂದು, ಉಪಕಾರವಾಯಿತು ಎನ್ನುತ್ತ ಅಕ್ಕಾವರ ಕಾಲು ಮುಟ್ಟಿದರು. ಅವರು ನಿಂತರು. ಸಂತೆಯಲ್ಲಿ ನಿಂತು ನೋಡುವ ಹಾಗೆ ಆ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು, ತೋಳನ್ನೂ ಮುಟ್ಟಿ ನೋಡಿದರು.

"ಸದ್ಯಕ್ಕ ಗಟ್ಟಿ ಅದೀ. ಹೋಗು, ಕುಂದ್ರು," ಎಂದರು. "ವರ್ಷಾ ಸಭಾಕ್ಕ ಬಂದು ನಿನ್ನೂ ನೋಡ್ತೇನಿ."